ಒಂದೇ ಪ್ರತಿ

ಪ್ರಾಗ್‌ನಿಂದ ಬಂದು ಮೂರು ತಿಂಗಳಾಯಿತು. ತಂದ ಚಾಕೊಲೇಟು ಹಂಚಿ ಮುಗಿದಿದೆ, ಫೋಟೊ ತೋರಿಸಿ ಎಂದು ಬರುತ್ತಿದ್ದ ನೆಂಟರಿಷ್ಟರೂ ಸುಮ್ಮನಾಗಿದ್ದಾರೆ. ಆದರೂ ಭಾನುವಾರ ಬಂತೆಂದರೆ ನಾನು ಏಣಿ ಹಾಕಿಕೊಂಡು ಅಟ್ಟ ಹತ್ತುತ್ತೇನೆ. ‘ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ನೋಡೋರು ಯಾರು’ ಎಂದು ಏಣಿ ಹಿಡಿದು ನಿಂತ ನನ್ನಾಕೆ ಗೊಣಗುತ್ತಾಳೆ. ಅಟ್ಟದಲ್ಲಿರುವುದು ತೂತು ಬಿದ್ದ ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಒಂದಿಷ್ಟು ಕೊಬ್ಬರಿ ಚೀಲ, ಮತ್ತೆ ನನ್ನ 31 ವರ್ಷದ ಮೇಷ್ಟ್ರ ಕೆಲಸದಿಂದ ಉಳಿದ ಎರಡು ಟ್ರಂಕು. ಟ್ರಂಕುಗಳನ್ನು ಮೂರು ಸಲ ಬಗೆದು ನೋಡಿಯಾಗಿದೆ. ನಾನು ಹುಡುಕುತ್ತಿರುವುದು ಅಲ್ಲಿಲ್ಲ.

ಮಗಳು, ಅಳಿಯ ಪ್ರಾಗ್‌ನಲ್ಲಿ ಕೆಲಸಕ್ಕಿದ್ದಾರೆ. ಅಕ್ಟೋಬರಿನಲ್ಲಿ ನನ್ನನ್ನು ಕರೆಸಿಕೊಂಡರು. ಕೋಟೆ, ಸೇತುವೆ, ಗಂಟೆಗೊಮ್ಮೆ ಗೊಂಬೆಗಳು ಮುಖ ತೋರಿಸಿ ಹೋಗುವ ಗಡಿಯಾರ, ಎಲ್ಲ ನೋಡಿದ್ದಾಯಿತು. ಅವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಅಟ್ಟ ಹತ್ತಿಸುತ್ತಿರುವುದು ಮಳೆಗೆ ಹೆದರಿ ಒಳಹೊಕ್ಕ ಒಂದು ಜಾಗ, ಅದರ ಬೆನ್ನಿಗೆ ಹೋದ ಇನ್ನೊಂದು ಊರು.

ಜಾಗದ ಹೆಸರು ಪಿಂಕಾಸ್ ಸಿನಗಾಗ್. ಯಹೂದಿಗಳು 1535ರಲ್ಲಿ ಕಟ್ಟಿಕೊಂಡ ಪ್ರಾರ್ಥನಾ ಮಂದಿರ. ರಸ್ತೆಗಿಂತ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. ಗಂಡಸರು ತಲೆ ಮುಚ್ಚಿಕೊಳ್ಳಬೇಕೆಂದು ಬಾಗಿಲಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕಾಗದದ ಪುಟ್ಟ ಟೋಪಿ ಕೊಟ್ಟಳು. ನನ್ನ ಬೋಳುತಲೆಯ ಮೇಲೆ ಅದು ನಿಲ್ಲಲೊಲ್ಲದು. ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ಒಳಗೆ ಹೋದೆ.

ಒಳಗೆ ಏನೂ ಇಲ್ಲ. ಗೋಡೆ, ಗೋಡೆಯ ತುಂಬ ಬರಹ. ದೂರದಿಂದ ನೋಡಿದರೆ ಕಾಫಿ ಬಣ್ಣದ ಕಲೆ ಹಾಕಿದ ಬಟ್ಟೆ ತೂಗುಹಾಕಿದ ಹಾಗಿತ್ತು. ಹತ್ತಿರ ಹೋದೆ. ಮೇಷ್ಟ್ರ ಕಣ್ಣು ಕೆಟ್ಟದ್ದು, ಬರೆದದ್ದು ಕಂಡರೆ ಮೊದಲು ಅಕ್ಷರ ದುಂಡಗಿದೆಯೇ ಎಂದು ನೋಡುತ್ತದೆ, ಅರ್ಥ ಆಮೇಲೆ. ಅಕ್ಷರ ದುಂಡಗಿತ್ತು. ಮನೆತನದ ಹೆಸರು ಕೆಂಪಿನಲ್ಲಿ, ಅದರ ಮುಂದೆ ಆ ಮನೆಯವರ ಹೆಸರು, ಹುಟ್ಟಿದ ದಿನ, ಕೊನೆಯ ದಿನ. ಅದು ಮುಗಿಯುತ್ತಿದ್ದ ಹಾಗೇ ಮುಂದಿನ ಮನೆ. ಬೊಹೀಮಿಯಾ ಮತ್ತು ಮೊರಾವಿಯಾ ಎಂಬ ಎರಡು ಸೀಮೆಗಳಿಂದ ನಾಜಿಗಳು ಒಯ್ದು ಕೊಂದ ಸುಮಾರು 78,000 ಯಹೂದಿಗಳು ಊರೂರಿನ ಲೆಕ್ಕದಲ್ಲಿ ಆ ಗೋಡೆಗಳ ಮೇಲಿದ್ದಾರೆ.

ಕೊನೆಯ ದಿನ ಎಂದೆನಲ್ಲ, ಎಷ್ಟೋ ಜನರಿಗೆ ಅದು ಸತ್ತ ದಿನವಲ್ಲ. ಅವರನ್ನು ರೈಲಿಗೆ ಹತ್ತಿಸಿದ ದಿನ. ಅಲ್ಲಿಂದಾಚೆಗೆ ಅವರ ಲೆಕ್ಕ ಸಿಕ್ಕಿಲ್ಲ. ನಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲೂ ಹೀಗೇ. ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು, ಕಟ್ಟಕಡೆಯಲ್ಲಿ ‘ಶಾಲೆ ಬಿಟ್ಟ ದಿನಾಂಕ’. ಆ ಕಾಲಂ ತುಂಬಿ ಟಿ.ಸಿ. ಹರಿದುಕೊಟ್ಟ ಮೇಲೆ ಹುಡುಗ ಎಲ್ಲಿಗೆ ಹೋದನೋ ನಮಗೆ ಬೇಕಿರಲಿಲ್ಲ. ಬೆಂಗಳೂರಿಗೋ, ಬೊಂಬಾಯಿಗೋ, ಎಲ್ಲೋ ಬದುಕಿಕೊಂಡಿರುತ್ತಾನೆ ಎಂಬ ಧೈರ್ಯ. ಅಷ್ಟು ಉದ್ದದ ಗೋಡೆಯ ಮುಂದೆ ನಿಂತಾಗ ಆ ಧೈರ್ಯ ಎಷ್ಟು ದೊಡ್ಡದು ಎಂದು ಗೊತ್ತಾಯಿತು.

ಈ ಗೋಡೆಯನ್ನು ಎರಡು ಸಲ ಬರೆದಿದ್ದಾರೆ. ಮೊದಲು 1954ರಿಂದ 1959ರವರೆಗೆ, ವಾಕ್ಲಾವ್ ಬೊಷ್ಟೀಕ್ ಮತ್ತು ಯಿರೀ ಯೋನ್ ಎಂಬ ಇಬ್ಬರು ಚಿತ್ರಕಲಾವಿದರು. ಅಂತರ್ಜಲ ಏರಿ ಗೋಡೆ ತೇವ ಹಿಡಿಯಿತೆಂದು 1968ರಲ್ಲಿ ಬಾಗಿಲು ಹಾಕಿದರು. ಹಾಕಿದ್ದು ಹಾಕಿದ ಹಾಗೇ ಇತ್ತು. ಕಮ್ಯುನಿಸ್ಟ್ ಸರ್ಕಾರಕ್ಕೆ ಅದನ್ನು ತೆರೆಯುವ ಆತುರವಿರಲಿಲ್ಲ, ಅಷ್ಟರಲ್ಲಿ ಹೆಸರುಗಳೂ ಹೋದವು. ಸರ್ಕಾರ ಬದಲಾದ ಮೇಲೆ, 1992ರಿಂದ 1996ರವರೆಗೆ, ಅಷ್ಟೂ ಹೆಸರನ್ನು ಮತ್ತೆ ಕೈಯಲ್ಲೇ ಬರೆದರು. 2002ರಲ್ಲಿ ನದಿ ಉಕ್ಕಿ ನೀರು ನುಗ್ಗಿತು, ಕೆಳಗಿನ ಸಾಲುಗಳನ್ನು ಮತ್ತೆ ತಿದ್ದಬೇಕಾಯಿತು. ಇಂಪೊಸಿಷನ್ ಬರೆಸುವ ನನ್ನಂಥವನಿಗೆ ಈ ಕೆಲಸದ ಭಾರ ಸ್ವಲ್ಪ ಅಂದಾಜಾಗುತ್ತದೆ.

ಮಹಡಿಯ ಮೇಲೆ ಮಕ್ಕಳ ಚಿತ್ರಗಳಿವೆ. ಇವನ್ನು ಬರೆದದ್ದು ತೆರೆಜಿನ್ ಎಂಬಲ್ಲಿ, ಯಹೂದಿಗಳನ್ನು ತುಂಬಿಟ್ಟಿದ್ದ ಘೆಟ್ಟೊದಲ್ಲಿ. ಬರೆಸಿದವಳು ಫ್ರೀಡ್ಲ್ ಡಿಕರ್ ಬ್ರಾಂಡೈಸ್, ಜರ್ಮನಿಯ ಪ್ರಸಿದ್ಧ ಬೌಹೌಸ್ ಕಲಾಶಾಲೆಯಲ್ಲಿ ಕಲಿತು, ಕೈದಿಯಾಗಿ ಅಲ್ಲಿಗೆ ಬಂದವಳು. ಒಂದು ಚಿತ್ರದ ಮುಂದೆ ನಾನು ತುಂಬ ಹೊತ್ತು ನಿಂತೆ. ಬಣ್ಣದ ಕಾಗದ ಸಿಕ್ಕದೆ ಯಾವುದೋ ಕಚೇರಿಯ ಫಾರಂ ಹರಿದು ಅಂಟಿಸಿ ಮಾಡಿದ್ದು. ಫಾರಮ್ಮಿನ ಅಡ್ಡಗೆರೆಗಳೇ ಹೊಲದ ಸಾಲು, ಅಂಕಿ ತುಂಬುವ ಕಾಲಂಗಳೇ ಮನೆಯ ಗೋಡೆ. ಒಂದು ಕಡೆ ಗೋಂದು ಹೆಚ್ಚಾಗಿ ಕಾಗದ ಸುಕ್ಕುಗಟ್ಟಿತ್ತು, ಸುಕ್ಕಿನ ಮೇಲೆ ಚಿಕ್ಕ ಬೆರಳು ಒತ್ತಿದ ಗುರುತಿರಬಹುದೇ ಎಂದು ಕನ್ನಡಕ ಒರೆಸಿಕೊಂಡು ನೋಡಿದೆ. ಪ್ರತಿ ಮಗುವೂ ಚಿತ್ರದ ಮೇಲೆ ತನ್ನ ಹೆಸರು ಬರೆಯಲೇಬೇಕು ಎಂಬುದು ಆ ಟೀಚರಿನ ನಿಯಮವಾಗಿತ್ತಂತೆ. ಅಲ್ಲಿ ಎಲ್ಲರಿಗೂ ನಂಬರು ಕೊಟ್ಟಿದ್ದರು. 1944ರ ಅಕ್ಟೋಬರಿನಲ್ಲಿ ಅವಳನ್ನು ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಹೋಗುವ ಮೊದಲು ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಬಚ್ಚಿಟ್ಟಿದ್ದಳು.

ಅಲ್ಲೇ ಜರ್ಮನಿಯ ಒಂದು ಶಾಲೆಯ ಮಕ್ಕಳು ಬಂದಿದ್ದರು. ಹದಿನಾಲ್ಕು ಹದಿನೈದರ ವಯಸ್ಸು, ತಳ್ಳಾಟ, ಕಿಸಿಕಿಸಿ ನಗು. ಟೀಚರ್ ಗದರಿಸಲಿಲ್ಲ. ನಾನೂ ಮೇಷ್ಟ್ರೆಂದು ಗೊತ್ತಾದ ಮೇಲೆ ಆಕೆಯೇ ಇಂಗ್ಲಿಷಿನಲ್ಲಿ ಹೇಳಿದಳು: ‘ನಾನು ಭಾಷಣ ಮಾಡುವುದಿಲ್ಲ. ಒಬ್ಬೊಬ್ಬರೂ ಒಂದು ಚಿತ್ರ ಆರಿಸಿ ಅದರ ಕೆಳಗಿನ ಹೆಸರು, ತಾರೀಕು ಬರೆದುಕೊಳ್ಳಬೇಕು. ಅಷ್ಟೇ ಕೆಲಸ.’ ಬರೆದುಕೊಳ್ಳುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾಗುತ್ತಿದ್ದರು. ಹುಟ್ಟಿದ ತಾರೀಕಿನಿಂದ ಕೊನೆಯ ತಾರೀಕು ಕಳೆಯುವ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ.

ತೆರೆಜಿನ್ ನೋಡಬೇಕು ಎಂದೆ. ‘ಅಪ್ಪ, ಅದು ಟೂರಿಸ್ಟ್ ಜಾಗ ಅಲ್ಲ, ಆಮೇಲೆ ರಾತ್ರಿ ನಿದ್ದೆ ಬರಲ್ಲ ಅಂತೀರ’ ಎಂದಳು ಮಗಳು. ಆದರೂ ಶನಿವಾರ ಕರೆದುಕೊಂಡು ಹೊರಟಳು. ಬಸ್ಸು ಹೊರಡುವುದು ಹೊಲೆಶೊವಿಸೆ ಎಂಬ ಬಡಾವಣೆಯಿಂದ. ಪ್ರಾಗ್‌ನ ಯಹೂದಿಗಳನ್ನು ಗಂಟುಮೂಟೆಯ ಸಮೇತ ಕೂಡಿಹಾಕಿ ರೈಲು ಹತ್ತಿಸುತ್ತಿದ್ದದ್ದೂ ಆ ಬಡಾವಣೆಯಲ್ಲೇ. ತಲೆಗೆ 50 ಕಿಲೊ ಸಾಮಾನಿಗೆ ಅನುಮತಿ. ಉತ್ತರಕ್ಕೆ ಒಂದು ಗಂಟೆಯ ದಾರಿ. ಕಟಾವಾದ ಬಯಲು, ಸೇಬಿನ ಮರ, ಬಯಲಿನ ನಡುವೆ ಕವುಚಿಟ್ಟ ಗುಡಾಣದಂಥ ಒಂಟಿ ಗುಡ್ಡ. ರೀಪ್ ಅಂತ ಅದರ ಹೆಸರು. ಚೆಕ್ ಜನರ ಮೂಲಪುರುಷ ಅದರ ಮೇಲೆ ನಿಂತು ಇದೇ ನಮ್ಮ ನೆಲ ಎಂದನೆಂದು ಕಥೆ ಇದೆ. ನಮ್ಮ ಕಡೆಯಾಗಿದ್ದರೆ ಮೇಲೊಂದು ರಂಗನಾಥನ ಗುಡಿ ಇರುತ್ತಿತ್ತು.

ತೆರೆಜಿನ್ ಊರು ನೋಡಿ ನಾನು ಪೆಚ್ಚಾದೆ. ಮುಳ್ಳುತಂತಿ, ಕಾವಲುಗೋಪುರ ಎಂದೆಲ್ಲ ಕಲ್ಪಿಸಿಕೊಂಡಿದ್ದೆ. ಅಲ್ಲಿ ನೋಡಿದರೆ ನೆಟ್ಟಗಿನ ಬೀದಿಗಳು, ನಡುವೆ ಚೌಕ, ಚೌಕದಲ್ಲಿ ಚರ್ಚು, ಕಿಟಕಿಯಲ್ಲಿ ಹೂಕುಂಡ. ಒಬ್ಬ ಹೆಂಗಸು ಚೀಲದಲ್ಲಿ ಆಲೂಗಡ್ಡೆ ಹೊತ್ತು ಹೋಗುತ್ತಿದ್ದಳು, ಇಬ್ಬರು ಹುಡುಗರು ಸೈಕಲ್ ಹೊಡೆಯುತ್ತಿದ್ದರು. 1780ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಕಟ್ಟಿಸಲು ಶುರುಮಾಡಿ ತಾಯಿ ಮರಿಯಾ ತೆರೇಸಾಳ ಹೆಸರಿಟ್ಟ ಕೋಟೆಯೂರು ಇದು. ಯುದ್ಧಕ್ಕೆ ಮುಂಚೆ ಸಿಪಾಯಿಗಳೂ ಸೇರಿ ಸುಮಾರು 7,000 ಜನ ಇದ್ದರು. 1941ರ ನವೆಂಬರಿನಲ್ಲಿ ನಾಜಿಗಳು ಯಹೂದಿಗಳನ್ನು ತಂದು ಸುರಿಯತೊಡಗಿದರು. 1942ರ ಸೆಪ್ಟೆಂಬರಿಗೆ ಅದೇ ಜಾಗದಲ್ಲಿ 58,000 ಜನ. ಯುದ್ಧ ಮುಗಿಯುವುದರೊಳಗೆ ಹಸಿವು, ಟೈಫಸ್, ಚಳಿಯಲ್ಲಿ ಸುಮಾರು 33,000 ಜನ ಅಲ್ಲೇ ಸತ್ತರು. 87,000ದಷ್ಟು ಜನರನ್ನು ಪೂರ್ವದ ಕೊಲೆಶಿಬಿರಗಳಿಗೆ ಸಾಗಿಸಿದರು, ಅವರಲ್ಲಿ ಉಳಿದವರು ನೂರಕ್ಕೆ ಐವರೂ ಇಲ್ಲ. ಪ್ರಾಗ್‌ನ ಆ ಗೋಡೆಯಲ್ಲಿದ್ದ ಹೆಚ್ಚಿನವರು ಈ ಬೀದಿಗಳಲ್ಲಿ ಓಡಾಡಿದವರೇ. ಬೀದಿಯೊಂದರ ಪಕ್ಕ ರೈಲು ಹಳಿಯ ತುಂಡು ಈಗಲೂ ಇದೆ. ಹಾಕಿದವರು ಕೈದಿಗಳೇ, ಅವರನ್ನು ಒಯ್ಯಲು ಬಳಸಿದ್ದೂ ಅದನ್ನೇ.

ಇಲ್ಲಿಗೆ 1944ರ ಜೂನ್ 23ರಂದು ರೆಡ್ ಕ್ರಾಸ್‌ನವರು ಬಂದಿದ್ದರು. ಅವರು ಬರುತ್ತಾರೆಂದು ತಿಂಗಳುಗಟ್ಟಲೆ ತಯಾರಿ. ಗೋಡೆಗೆ ಬಣ್ಣ, ಚೌಕದಲ್ಲಿ ಹುಲ್ಲುಹಾಸು, ಮಕ್ಕಳಿಗೆ ಆಟದ ಜಾಗ, ಬ್ಯಾಂಡ್ ನುಡಿಸಲು ಮಂಟಪ. ನಂಬರಿದ್ದ ಬೀದಿಗಳಿಗೆ ಹೆಸರು ಬಂದವು. ಊರು ತುಂಬ ಗಿಜಿಗುಟ್ಟುತ್ತಿದೆ ಎಂದು 7,500 ಜನರನ್ನು ಮೇ ತಿಂಗಳಲ್ಲೇ ಆಶ್‌ವಿಟ್ಜ್‌ಗೆ ಕಳಿಸಿಬಿಟ್ಟರು. ಕಮಾಂಡೆಂಟನನ್ನು ಕಂಡಾಗ ‘ಮಾಮ, ಇವತ್ತೂ ಮೀನೇನಾ’ ಎಂದು ಮುಖ ಸಿಂಡರಿಸಬೇಕೆಂದು ಹಸಿದ ಮಕ್ಕಳಿಗೆ ಕಲಿಸಿದ್ದರೆಂದು ಬದುಕಿ ಬಂದವರು ಹೇಳಿದ್ದಾರೆ. ಮಕ್ಕಳಿಂದ ‘ಬ್ರುಂಡಿಬಾರ್’ ಎಂಬ ಸಂಗೀತ ನಾಟಕವನ್ನೂ ಆಡಿಸಿದರು. ಬಂದವರು ನೋಡಿದರು, ತೃಪ್ತರಾಗಿ ಹೋದರು.

ಇದನ್ನು ಓದುತ್ತ ನನಗೆ ನಾಚಿಕೆಯಾಯಿತು. ಡಿಡಿಪಿಐ ಇನ್‌ಸ್ಪೆಕ್ಷನ್ ಅಂದರೆ ನಾವೂ ಸುಣ್ಣ ಬಳಿಸಿದವರೇ. ‘ಗೊತ್ತಿದ್ದವರು ಬಲಗೈ ಎತ್ತಿ, ಗೊತ್ತಿಲ್ಲದವರು ಎಡಗೈ’ ಎಂದು ಹೇಳಿಕೊಟ್ಟವರೇ. ಎರಡನ್ನೂ ಹೋಲಿಸುವುದು ತಪ್ಪು, ಗೊತ್ತು. ನಮ್ಮ ಹುಡುಗರು ಇನ್‌ಸ್ಪೆಕ್ಷನ್ ಮುಗಿದ ಮೇಲೆ ಮನೆಗೆ ಹೋಗಿ ಮುದ್ದೆ ತಿಂದು ಮಲಗುತ್ತಿದ್ದರು. ಆದರೆ ಸಾಹೇಬರು ಸುಣ್ಣದ ಹಿಂದೆ ಏಕೆ ನೋಡುವುದಿಲ್ಲ ಎಂಬುದು ನನ್ನಂಥ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ಅವರಿಗೂ ಬೇಗ ಮುಗಿಸಿ ಊಟಕ್ಕೆ ಏಳಬೇಕಿರುತ್ತದೆ.

ಘೆಟ್ಟೊ ಮ್ಯೂಸಿಯಂ ಇರುವುದು ಊರಿನ ಹಳೆಯ ಶಾಲೆಯಲ್ಲಿ. ಕಮ್ಯುನಿಸ್ಟರ ಕಾಲದಲ್ಲಿ ಅಲ್ಲಿ ಪೊಲೀಸರ ಹೆಗ್ಗಳಿಕೆಯ ಮ್ಯೂಸಿಯಂ ಇತ್ತು, ಸತ್ತವರ ಕಥೆಗೆ ಜಾಗ ಸಿಕ್ಕಿದ್ದು 1991ರಲ್ಲಿ. ಘೆಟ್ಟೊ ಕಾಲದಲ್ಲಿ ಆ ಕಟ್ಟಡದ ನಂಬರು ಎಲ್ 417, ಹತ್ತರಿಂದ ಹದಿನೈದು ವರ್ಷದ ಹುಡುಗರ ಮನೆ. ಕ್ಲಾಸ್‌ರೂಮುಗಳಲ್ಲಿ ಮೂರು ಅಂತಸ್ತಿನ ಹಲಗೆ ಮಂಚ. ಒಂದನೇ ನಂಬರಿನ ರೂಮಿನ ಹುಡುಗರು ಒಂದು ಪತ್ರಿಕೆ ನಡೆಸುತ್ತಿದ್ದರು. ಹೆಸರು ‘ವೆದೆಮ್’. ನನ್ನ ಕಿವಿಗೆ ‘ವೇದಂ’ ಎಂದೇ ಬಿತ್ತು. ‘ಚೆಕ್‌ನಲ್ಲಿ ನಾವೇ ಮುಂದೆ ಅಂತ ಅರ್ಥ ಅಪ್ಪ’ ಎಂದು ಮಗಳು ತಿದ್ದಿದಳು.

1942ರ ಡಿಸೆಂಬರಿನಿಂದ 1944ರ ಸೆಪ್ಟೆಂಬರಿನವರೆಗೆ ವಾರವಾರವೂ ಬಂದ ಪತ್ರಿಕೆ. ಮೊದಮೊದಲು ಟೈಪ್ ಮಾಡಿದರು, ಆಮೇಲೆ ಪೂರ್ತಿ ಕೈಬರಹ. ಒಂದೇ ಪ್ರತಿ. ಶುಕ್ರವಾರ ಸಂಜೆ ಎಲ್ಲರೂ ಮಂಚದ ಮೇಲೆ ಕೂತು, ಬರೆದವನು ತನ್ನದನ್ನು ಗಟ್ಟಿಯಾಗಿ ಓದುತ್ತಿದ್ದ. ಕವಿತೆ, ಕಥೆ, ತಮಾಷೆ, ತಮ್ಮ ಮೇಷ್ಟ್ರ ಬಗ್ಗೆ ಚುಡಾಯಿಕೆ. ಸಂಪಾದಕನ ಹೆಸರು ಪೆಟರ್ ಗಿಂಟ್ಸ್, ಪ್ರಾಗ್‌ನ ಹುಡುಗ. ಅಪ್ಪ ಯಹೂದಿ, ಅಮ್ಮ ಅಲ್ಲ. ಅಂಥ ಮಕ್ಕಳಿಗೆ 14 ತುಂಬಿದ ಮೇಲೆ ಕರೆ ಬರುತ್ತಿತ್ತು, ಅವನಿಗೂ ಬಂತು. ಜೂಲ್ಸ್ ವರ್ನ್ ಓದಿ ಅದೇ ಧಾಟಿಯಲ್ಲಿ ಕಾದಂಬರಿ ಬರೆದವನು. ಬೇಕರಿ ಹೇಗೆ ನಡೆಯುತ್ತದೆ, ಹೆಣ ಸುಡುವ ಒಲೆ ಹೇಗೆ ಕೆಲಸ ಮಾಡುತ್ತದೆ ಎಂದು ಖುದ್ದಾಗಿ ಹೋಗಿ ನೋಡಿಕೊಂಡು ಬಂದು ವರದಿ ಮಾಡುತ್ತಿದ್ದ. ಬರಹ ಸಾಲದೇ ಹೋದರೆ ಬೇರೆ ಹೆಸರಿಟ್ಟುಕೊಂಡು ತಾನೇ ಬರೆದು ಪುಟ ತುಂಬಿಸುತ್ತಿದ್ದ.

ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತೆ. ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ 14 ವರ್ಷ ನಾನೂ ಒಂದು ಕೈಬರಹದ ಪತ್ರಿಕೆ ಮಾಡಿಸಿದ್ದೆ. ಹೆಸರು ‘ಗರಿ’. ತೆಂಗಿನ ಗರಿಯೋ ಹಕ್ಕಿಯ ಗರಿಯೋ ಎಂದು ಹುಡುಗರಲ್ಲಿ ಕೊನೆಯವರೆಗೂ ಜಗಳವಿತ್ತು. ನಮ್ಮದೂ ಒಂದೇ ಪ್ರತಿ. ಬರಹ ಸಾಲದಿದ್ದಾಗ ಬೇರೆ ಹೆಸರಿನಲ್ಲಿ ಬರೆದು ಪುಟ ತುಂಬಿಸಿದ್ದು ನಾನೂ ಉಂಟು.

ಅಷ್ಟರಲ್ಲಿ ಮಗಳು ಮೊಬೈಲಿನಲ್ಲಿ ಆ ಹುಡುಗನ ಒಂದು ಚಿತ್ರ ತೋರಿಸಿದಳು. ಪೆನ್ಸಿಲಿನದು. ಚಂದ್ರನ ನೆಲದ ಮೇಲೆ ಚೂಪುಚೂಪಾದ ಬೆಟ್ಟಗಳು, ಅವುಗಳ ನಡುವಿನಿಂದ ಕಾಣುವ ಭೂಮಿ. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಇಪ್ಪತ್ತೈದು ವರ್ಷ ಮುಂಚೆ, ಬೀದಿಯ ಕೊನೆಯ ಕೋಟೆಗೋಡೆ ದಾಟುವಂತಿಲ್ಲದ ಹುಡುಗ ಅಲ್ಲಿಂದ ಭೂಮಿ ಹೇಗೆ ಕಾಣುತ್ತದೆ ಎಂದು ಬರೆದಿದ್ದ. ‘ಇದರ ಒಂದು ಪ್ರತೀನ ಇಸ್ರೇಲಿನ ಗಗನಯಾತ್ರಿ ಆಕಾಶಕ್ಕೆ ತಗೊಂಡು ಹೋಗಿದ್ರಂತೆ’ ಎಂದು ಮಗಳು ಓದಿದಳು. ‘ಇಲಾನ್ ರಾಮೋನ್. ಅವರ ತಾಯಿ ಆಶ್‌ವಿಟ್ಜ್‌ನಿಂದ ಬದುಕಿ ಬಂದವರು. ಕೊಲಂಬಿಯಾ ನೌಕೆ, 2003.’

‘ಕೊಲಂಬಿಯಾನಾ? ಕಲ್ಪನಾ ಚಾವ್ಲಾ ಇದ್ದದ್ದು?’

‘ಹ್ಞೂ ಅಪ್ಪ. ಅದೇ.’

2003ರ ಫೆಬ್ರವರಿ 1, ಶನಿವಾರ. ಭೂಮಿಗೆ ಮರಳುತ್ತಿದ್ದ ನೌಕೆ ಒಡೆದು ಆಕಾಶದಲ್ಲಿ ಬಿಳಿ ಗೀರುಗಳಾಗಿ ಕವಲೊಡೆಯುವುದನ್ನು ರಾತ್ರಿ ಟೀವಿಯಲ್ಲಿ ನಾವೆಲ್ಲ ನೋಡಿದ್ದೆವು. ಸೋಮವಾರ ಕ್ಲಾಸಿಗೆ ಹೋದರೆ ಹುಡುಗಿಯರು ಅಳುತ್ತಿದ್ದರು. ಆ ತಿಂಗಳ ‘ಗರಿ’ಯನ್ನು ಕಲ್ಪನಾ ಚಾವ್ಲಾ ವಿಶೇಷಾಂಕ ಮಾಡಿದೆವು. ಒಂಬತ್ತನೇ ಕ್ಲಾಸಿನ ಒಬ್ಬಳು ರಟ್ಟಿಗೆ ಚಿತ್ರ ಬರೆದಳು. ‘ಮುಖ ಎಷ್ಟು ಬರೆದ್ರೂ ಬರ್ಲಿಲ್ಲ ಸಾರ್, ಬರೀ ಹೆಲ್ಮೆಟ್ ಬರೆದುಬಿಟ್ಟೆ’ ಎಂದಿದ್ದಳು. ಒಳಗೆ ಸತ್ತ ಏಳೂ ಜನರ ಹೆಸರು ಬರೆಸಿದ್ದೆ. ಬರೆದ ಹುಡುಗನ ಕೈಯಲ್ಲಿ ರಾಮೋನ್ ಎಂಬುದು ರಾಮನ್ ಆಗಿತ್ತು. ‘ಇವರೂ ನಮ್ಮವರಾ ಸಾರ್?’ ಎಂದು ಇನ್ನೊಬ್ಬ ಕೇಳಿದ್ದ. ಇರಬಹುದು ಎಂದು ನಾನೂ ತಿದ್ದದೆ ಬಿಟ್ಟಿದ್ದೆ. ಆ ರಾಮನ್ ಜೊತೆ ಇಂಥದೇ ಪತ್ರಿಕೆ ಮಾಡುತ್ತಿದ್ದ ಹುಡುಗನ ಚಿತ್ರದ ಪ್ರತಿಯೂ ಸುಟ್ಟುಹೋಗಿತ್ತು. ಅವತ್ತು ಫೆಬ್ರವರಿ 1. ಪೆಟರ್ ಹುಟ್ಟಿದ್ದು 1928ರ ಫೆಬ್ರವರಿ 1. ಬದುಕಿದ್ದರೆ ಅವತ್ತಿಗೆ 75 ತುಂಬುತ್ತಿತ್ತು.

1944ರ ಸೆಪ್ಟೆಂಬರ್ 28ರ ರೈಲಿಗೆ ಅವನ ಹೆಸರು ಬಂತು. ಆಶ್‌ವಿಟ್ಜ್‌ನಲ್ಲಿ ಕೊಂದರು, ವಯಸ್ಸು 16. ಆ ರೂಮಿನಲ್ಲಿ ಇದ್ದು ಹೋದ ಸುಮಾರು 100 ಹುಡುಗರಲ್ಲಿ ಬದುಕಿದವರು 15 ಜನ. ಕೊನೆಯವರೆಗೆ ತೆರೆಜಿನ್‌ನಲ್ಲೇ ಉಳಿದವನು ಒಬ್ಬ, ಜ್ದೆನೆಕ್ ಟೌಸಿಗ್. ಅಪ್ಪ ಅಲ್ಲಿ ಕಮ್ಮಾರಿಕೆ ಮಾಡುತ್ತಿದ್ದ. ‘ವೆದೆಮ್’ನ ಸುಮಾರು 800 ಪುಟಗಳನ್ನು ಹುಡುಗ ಮಣ್ಣಲ್ಲಿ ಹೂತಿಟ್ಟು, ಯುದ್ಧ ಮುಗಿದ ಮೇಲೆ ಅಗೆದು ತೆಗೆದ.

ಊರಾಚೆ ಓಹ್ರೆ ಎಂಬ ಪುಟ್ಟ ನದಿ. ಸುಟ್ಟವರ ಬೂದಿಯನ್ನು ರಟ್ಟಿನ ಡಬ್ಬಿಗಳಲ್ಲಿ ಹೆಸರು ಬರೆದು ಇಟ್ಟಿದ್ದರಂತೆ. 1944ರ ನವೆಂಬರಿನಲ್ಲಿ ಸುಮಾರು 22,000 ಡಬ್ಬಿಗಳನ್ನು ಈ ನದಿಗೆ ಸುರಿಸಿದರು. ದಡದಲ್ಲಿ ಸ್ವಲ್ಪ ಹೊತ್ತು ನಿಂತೆವು. ಪಶ್ಚಿಮವಾಹಿನಿಯಲ್ಲಿ ಅಪ್ಪನ ಅಸ್ಥಿ ಬಿಟ್ಟದ್ದು ನೆನಪಾಗಿ, ಇದು ಅದಲ್ಲ ಎಂದುಕೊಂಡೆ. ಅಲ್ಲಿ ನಾವು ಹೆಸರು, ಗೋತ್ರ ಹೇಳಿ ನೀರಿಗೆ ಒಪ್ಪಿಸುತ್ತೇವೆ. ಇಲ್ಲಿ ಸುರಿದದ್ದೇ ಹೆಸರು ಅಳಿಸಲು.

ರಾತ್ರಿ ಪ್ರಾಗ್‌ಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಅದಕ್ಕೂ ನಾಚಿಕೆ. ಮಗಳು ಒಂದು ತಿಂಡಿ ತರಿಸಿದಳು. ಹಿಟ್ಟಿನ ಉಂಡೆಯೊಳಗೆ ಇಡೀ ಪ್ಲಮ್ ಹಣ್ಣು ಇಟ್ಟು ಬೇಯಿಸಿ, ಮೇಲೆ ಬೆಣ್ಣೆ, ಸಕ್ಕರೆ, ಪನೀರಿನಂಥ ಗಿಣ್ಣು ಉದುರಿಸಿದ್ದು. ನಮ್ಮ ಕಡುಬಿನ ತಂಗಿ ಎನ್ನಬಹುದು, ಹೂರಣದ ಬದಲು ಹುಳಿ. ಆಗ ಅವಳು ಇನ್ನೊಂದು ಪುಸ್ತಕದ ವಿಷಯ ಹೇಳಿದಳು. ತೆರೆಜಿನ್‌ನ ಹೆಂಗಸರು ಹಸಿದುಕೊಂಡು ಕೂತು, ಮನೆಯಲ್ಲಿ ಮಾಡುತ್ತಿದ್ದ ಅಡುಗೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರಂತೆ. ಬಾಯಲ್ಲೇ ಅಡುಗೆ ಮಾಡುವುದು ಎಂದೇ ಅದಕ್ಕೆ ಹೆಸರು. ಮೀನಾ ಪೆಖ್ಟರ್ ಎಂಬಾಕೆ ಅವನ್ನು ಬರೆದಿಟ್ಟು ಹಾಳೆಗಳನ್ನು ದಾರದಲ್ಲಿ ಹೊಲಿದಳು. 1944ರಲ್ಲಿ ಅಲ್ಲೇ ಸತ್ತಳು. ಆ ಹೊಲಿದ ಪುಸ್ತಕ ಕೈಯಿಂದ ಕೈಗೆ ದಾಟಿ ನ್ಯೂಯಾರ್ಕಿನಲ್ಲಿದ್ದ ಅವಳ ಮಗಳಿಗೆ ಮುಟ್ಟಲು 25 ವರ್ಷ ಹಿಡಿಯಿತು. ಕೆಲವು ತಿಂಡಿಗಳಿಗೆ ಒಂದೆರಡು ಸಾಮಾನು ಬಿಟ್ಟುಹೋಗಿದೆಯಂತೆ. ತಟ್ಟೆಯಲ್ಲಿದ್ದದ್ದನ್ನು ನಾನು ಪೂರ್ತಿ ತಿಂದೆ, ಬಿಡುವ ಮನಸ್ಸಾಗಲಿಲ್ಲ.

ಇನ್ನು ‘ಗರಿ’ಯ ಕಥೆ. 14 ವರ್ಷದ ಸಂಚಿಕೆಗಳು ಸ್ಟಾಫ್‌ರೂಮಿನ ಬೀರುವಿನಲ್ಲಿದ್ದವು. ನಾನು ರಿಟೈರಾಗುವ ವರ್ಷ ಆ ರೂಮಿನ ರಿಪೇರಿ ಬಂತು. ‘ಇವನ್ನೆಲ್ಲ ಏನ್ ಮಾಡ್ಲಿ ಸಾರ್?’ ಎಂದು ಜವಾನ ಕೇಳಿದ. ಪೆನ್ಷನ್ ಕಾಗದದ ತಲೆಬಿಸಿಯಲ್ಲಿದ್ದ ನಾನು ಅತ್ತ ನೋಡದೆ ‘ಹಾಕಪ್ಪ ಅತ್ಲಾಗೆ’ ಎಂದೆ. ರದ್ದಿಗೆ ಹೋದವು. ಬೇರೆ ಯಾರ ಮೇಲೂ ಹಾಕುವಂತಿಲ್ಲ, ಹೇಳಿದ್ದು ನಾನೇ. ಮಣ್ಣು ಅಗೆದು ಬಚ್ಚಿಡುವ ಕಷ್ಟವೇನೂ ನನಗಿರಲಿಲ್ಲ, ಒಂದು ಆಟೊ ಹಿಡಿದು ಮನೆಗೆ ತಂದಿದ್ದರೆ ಆಗಿತ್ತು.

ಆದರೆ 2003ರ ಫೆಬ್ರವರಿಯ ಸಂಚಿಕೆ ಆ ರದ್ದಿಯಲ್ಲಿರಲಿಲ್ಲ. ಸರದಿಯ ಮೇಲೆ ಮನೆಗೆ ಒಯ್ದು ಓದಿ ತರುವ ಪದ್ಧತಿ ಇತ್ತು, ಅದು ಹೋದದ್ದು ವಾಪಸು ಬರಲಿಲ್ಲ. ಯಾರ ಹತ್ತಿರ ನಿಂತಿತು ಎಂದು ಇಡೀ ಕ್ಲಾಸನ್ನು ನಿಲ್ಲಿಸಿ ಬೈದಿದ್ದೆ, ಯಾರೂ ಬಾಯಿ ಬಿಡಲಿಲ್ಲ. ಬೈದು ಸುಸ್ತಾಗಿ ನಾನೇ ತಂದಿಟ್ಟುಕೊಂಡಿದ್ದೆನೇನೋ ಎಂಬ ಆಸೆಯಿಂದ ಈಗ ಅಟ್ಟ ಹತ್ತುತ್ತಿದ್ದೇನೆ.

ಕೊಲಂಬಿಯಾ ಸುದ್ದಿಯ ಜೊತೆ ಪೆಟರ್‌ನ ಚಿತ್ರದ ಸುದ್ದಿಯೂ ಟೀವಿಯಲ್ಲಿ ಬಂದಾಗ, ಪ್ರಾಗ್‌ನಲ್ಲಿ ಒಬ್ಬರಿಗೆ ತಮ್ಮ ಹಳೆಯ ಮನೆಯ ಅಟ್ಟದಲ್ಲಿದ್ದ ನೋಟ್‌ಬುಕ್ಕುಗಳು ನೆನಪಾದವಂತೆ. ತೆಗೆದು ನೋಡಿದರೆ ಘೆಟ್ಟೊಗೆ ಹೋಗುವ ಮುಂಚೆ ಪೆಟರ್ ಬರೆದ ದಿನಚರಿ. 60 ವರ್ಷ ಅಲ್ಲೇ ಬಿದ್ದಿತ್ತು. ಇಸ್ರೇಲಿನಲ್ಲಿದ್ದ ತಂಗಿ ಅಣ್ಣನ ಅಕ್ಷರದ ಗುರುತು ಹಿಡಿದಳು.

ಆಗ ಒಂಬತ್ತನೇ ಕ್ಲಾಸಿನಲ್ಲಿದ್ದವರಿಗೆ ಈಗ ಮೂವತ್ತೈದು ದಾಟಿರಬೇಕು. ನಿಮ್ಮಲ್ಲಿ ಯಾರಾದರೂ ಇದನ್ನು ಓದಿದರೆ, ಹಬ್ಬಕ್ಕೆ ಊರಿಗೆ ಹೋದಾಗ ಒಮ್ಮೆ ಅಟ್ಟ ನೋಡಿ. ನೀಲಿ ಕ್ಯಾಲಿಕೊ ಬೆನ್ನು, ರಟ್ಟಿನ ಮೇಲೆ ಮುಖವಿಲ್ಲದ ಹೆಲ್ಮೆಟ್. ಈಗ ಬೈಯುವುದಿಲ್ಲ. ವಾಪಸು ಕೊಡುವುದೂ ಬೇಡ, ನಿಮ್ಮಲ್ಲೇ ಇರಲಿ. ಇದೆ ಎಂದು ಒಂದು ಕಾರ್ಡು ಹಾಕಿದರೆ ಸಾಕು, ಏಣಿ ಎತ್ತಿಡುತ್ತೇನೆ.